ಗುಡ್ಡದಂಚಿನ ಗಾಳಿಯಲ್ಲಿ ಎದುರುಬದುರಾದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಗುಡ್ಡಕ್ಕೆ ಬಡಿದು ಮೇಲೇರುವ ಗಾಳಿಯನ್ನು ಹಿಡಿದು, ಎಂಜಿನ್ ಇಲ್ಲದೆ, ಗುಡ್ಡದ ಉದ್ದಕ್ಕೂ ಹೋಗುತ್ತಾ ಬರುತ್ತಾ ಹಾರುವುದಕ್ಕೆ ರಿಜ್ ಸೋರಿಂಗ್ ಎನ್ನುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಹಿಮಾಚಲದ ಬೀರ್ ಬಿಲ್ಲಿಂಗ್‌ನಲ್ಲಿ ಎರಡು ಪ್ಯಾರಾಗ್ಲೈಡರ್‌ಗಳು ಆಕಾಶದಲ್ಲೇ ಡಿಕ್ಕಿಯಾಗಿ ಬೆಲ್ಜಿಯಂನ ಪೈಲಟ್ ಒಬ್ಬರು ತೀರಿಕೊಂಡರು. ಈ ಬಗೆಯ ಅಪಘಾತದ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಪತ್ರ ಬರೆದಿದ್ದಾರೆ. ಅವರಲ್ಲಿ ಕೆಲವರು ಪುಣೆ ಹತ್ತಿರದ ಕಾಮಶೇಟ್‌ಗೆ ಹೋಗಿ ಪ್ಯಾರಾಗ್ಲೈಡಿಂಗ್ ಕಲಿಯುತ್ತಿರುವವರು, ಕೆಲವರು ಕಲಿಯಬೇಕೆಂದಿರುವವರು. ಕೆಳಗೆ ‘ಗ್ಲೈಡರ್’ ಎಂದಲ್ಲಿ ಗಟ್ಟಿ ರೆಕ್ಕೆಯ, ಕಾಕ್‌ಪಿಟ್ ಇರುವ ವಿಮಾನವೆಂದೂ ‘ಪ್ಯಾರಾಗ್ಲೈಡರ್’ ಎಂದಲ್ಲಿ ಬಟ್ಟೆಯ ರೆಕ್ಕೆಯದೆಂದೂ ಓದಿಕೊಳ್ಳಿ.

ಪ್ರಶ್ನೆ: ಇಷ್ಟು ದೊಡ್ಡ ಆಕಾಶದಲ್ಲಿ ಎರಡು ಗ್ಲೈಡರ್ ಒಂದಕ್ಕೊಂದು ಬಡಿಯುವುದಾದರೂ ಹೇಗೆ?
*ಎಂಜಿನಿಯರಿಂಗ್ ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ*

ಆಕಾಶ ದೊಡ್ಡದೇ. ಆದರೆ ಎಂಜಿನ್ ಇಲ್ಲದವರಿಗೆ ಅದರಲ್ಲಿ ದಕ್ಕುವುದು ಕಿರಿದಾದ ಒಂದು ಪಟ್ಟಿ. ಗಾಳಿ ಗುಡ್ಡದ ಸಾಲಿಗೆ ನೇರವಾಗಿ, ಇಲ್ಲವೇ ಹೆಚ್ಚೆಂದರೆ 30-40 ಡಿಗ್ರಿ ಓರೆಯಾಗಿ ಬಡಿದರೆ ಗಾಳಿಮುಖದ ಇಳಿಜಾರಿನ ಮೇಲೂ ನೆತ್ತಿಯ ತುಸು ಮುಂದೆಯೂ ಏರುಗಾಳಿ ಸಿಗುತ್ತದೆ. ನೆತ್ತಿ ದಾಟಿ ಹಿಂದಕ್ಕೆ ಹೋದರೆ ಇಳಿಗಾಳಿ, ಅದರ ಜೊತೆಗೆ ರೋಟರ್ ಎಂಬ ಸುಳಿ. ಬಯಲಿನ ಕಡೆಗೆ ಹೆಚ್ಚು ಸರಿದರೆ ಏರು ಸತ್ತುಹೋಗುತ್ತದೆ. ಹೀಗಾಗಿ ಎಲ್ಲರೂ ಒಂದೇ ಗೆರೆಯ ಮೇಲೆ ಓಡಾಡುತ್ತಾರೆ.

ಗೆರೆ ಒಂದೇ ಆದರೂ ಎತ್ತರ ಬೇರೆ ಇರುತ್ತದಲ್ಲ ಎಂದು ನೀವು ಕೇಳಬಹುದು. ಸಮಸ್ಯೆಯ ಬೇರು ಅಲ್ಲೇ ಇದೆ. ಮೇಲೇರಿದಂತೆ ಏರುಗಾಳಿಯ ಬಲ ಕುಗ್ಗುತ್ತದೆ. ಏರುವ ಗಾಳಿಯ ವೇಗವೂ ಗ್ಲೈಡರ್ ತಾನಾಗಿ ಇಳಿಯುವ ವೇಗವೂ ಸಮವಾದಲ್ಲಿ ಏರಿಕೆ ನಿಲ್ಲುತ್ತದೆ. ಒಂದೇ ಬಗೆಯ ರೆಕ್ಕೆಗಳೆಲ್ಲ ಸ್ವಲ್ಪ ಹೊತ್ತಿನಲ್ಲಿ ಒಂದೇ ಮಟ್ಟಕ್ಕೆ ಬಂದು ಸೇರುತ್ತವೆ. ಯಾರೂ ಬಯಸದೆಯೇ, ಗಾಳಿಯೇ ಎಲ್ಲರನ್ನೂ ಒಂದೇ ಎತ್ತರದಲ್ಲಿ ಜೋಡಿಸಿಬಿಡುತ್ತದೆ. ಸಂಜೆ ಗಾಳಿ ಇಳಿಮುಖವಾದಾಗ ಪಟ್ಟಿ ಇನ್ನೂ ಸಣ್ಣದಾಗಿ, ಗುಡ್ಡದ ಅತಿ ಕಡಿದಾದ ಭಾಗದೆದುರು ಎಲ್ಲರೂ ಒತ್ತೊತ್ತಾಗುತ್ತಾರೆ. ಆ ಕೊನೆಯ ಅರ್ಧ ಗಂಟೆಯ ಆಸೆ ಬಿಡಿ ಎಂದು ನಾವು ಒತ್ತಿ ಹೇಳುತ್ತೇವೆ.

ಈಗ ಲೆಕ್ಕ ನೋಡಿ. ಒಂದು ಕಿಲೋಮೀಟರ್ ಉದ್ದದ ಗುಡ್ಡ, ಗಂಟೆಗೆ 95 ಕಿ.ಮೀ. ನೆಲವೇಗ. ಒಂದು ಬದಿಗೆ 38 ಸೆಕೆಂಡು, ಎರಡು ತಿರುವಿಗೆ ಸುಮಾರು 18 ಸೆಕೆಂಡು; ಒಂದು ಸುತ್ತಿಗೆ ಒಂದೂವರೆ ನಿಮಿಷ. ಒಂದೇ ಗೆರೆಯ ಮೇಲೆ ಓಡಾಡುವ ಯಾವುದೇ ಇಬ್ಬರು ಪ್ರತಿ ಸುತ್ತಿನಲ್ಲಿ ಎರಡು ಸಲ ಎದುರಾಗುತ್ತಾರೆ. ನಿಮ್ಮ ಜೊತೆ ಇನ್ನೂ ಐವರಿದ್ದರೆ ಸುತ್ತಿಗೆ ಹತ್ತು ಎದುರುಬದುರು, ಅಂದರೆ ಪ್ರತಿ ಒಂಬತ್ತು ಸೆಕೆಂಡಿಗೆ ಒಂದು. ಮೂವರಿದ್ದಾಗ ಡಿಕ್ಕಿಯಾಗಬಹುದಾದ ಜೋಡಿಗಳು ಮೂರು. ಆರು ಜನರಾದರೆ ಹದಿನೈದು. ಇಲ್ಲಿ ಜನ ಇಮ್ಮಡಿ, ಅಪಾಯದ ಜೋಡಿಗಳು ಐದು ಪಟ್ಟು.

ಪ್ರಶ್ನೆ: ಎದುರಿಗೆ ಬಂದರೆ ಯಾರು ಸರಿಯಬೇಕು? ರಸ್ತೆಯಂತೆ ಎಡಕ್ಕೆ ಸರಿದರೆ ಆಗದೇ?
*ಶಾಲಾ ಶಿಕ್ಷಕಿ, ನವನಗರ, ಬಾಗಲಕೋಟೆ*

ಎಡಕ್ಕಲ್ಲ, ಬಲಕ್ಕೆ. ಗಾಳಿಯಲ್ಲಿ ಇಬ್ಬರು ಎದುರುಬದುರಾದರೆ ಇಬ್ಬರೂ ತಮ್ಮ ತಮ್ಮ ಬಲಕ್ಕೆ ಸರಿಯಬೇಕೆಂಬುದು ಜಗತ್ತಿನೆಲ್ಲೆಡೆಯ ವಿಮಾನಗಳಿಗೆ ಅನ್ವಯಿಸುವ ನಿಯಮ. ಗುಡ್ಡದ ಪಕ್ಕದಲ್ಲಿ ಒಬ್ಬನಿಗೆ ಇದು ಅಸಾಧ್ಯ. ಗುಡ್ಡ ಯಾರ ಬಲಕ್ಕಿದೆಯೋ ಅವನು ಬಲಕ್ಕೆ ಹೊರಳಿದರೆ ಬಂಡೆಗೇ ಹೋಗುತ್ತಾನೆ. ಅದಕ್ಕೇ ಗುಡ್ಡ ಬಲಕ್ಕಿರುವವನಿಗೆ ದಾರಿಯ ಹಕ್ಕು. ಗುಡ್ಡ ಎಡಕ್ಕಿರುವವನು ಬಲಕ್ಕೆ, ಅಂದರೆ ಬಯಲಿನ ಕಡೆಗೆ, ಸರಿದು ದಾರಿ ಬಿಡಬೇಕು. ಗ್ಲೈಡರ್‌ಗೂ ಪ್ಯಾರಾಗ್ಲೈಡರ್‌ಗೂ ಇದೇ ನಿಯಮ.

ನಿಮ್ಮ ಪ್ರಶ್ನೆಯ ಎರಡನೇ ಭಾಗವನ್ನು ಲಘುವಾಗಿ ತೆಗೆದುಕೊಳ್ಳಬಾರದು. ನಮ್ಮ ದೇಶದಲ್ಲಿ ಬೈಕು, ಕಾರು ಓಡಿಸಿ ಬಂದವರ ಕೈ ಗಾಬರಿಯಲ್ಲಿ ತಾನಾಗಿ ಎಡಕ್ಕೆ ಎಳೆಯುತ್ತದೆ. ಗುಡ್ಡ ಎಡಕ್ಕಿರುವವನು ಹಾಗೆ ಮಾಡಿದರೆ ಇಳಿಜಾರಿಗೆ ಬಡಿಯುತ್ತಾನೆ. ಗುಡ್ಡ ಬಲಕ್ಕಿರುವವನು ಎಡಕ್ಕೆ ಎಳೆದರೆ ಬಯಲಿನ ಕಡೆಗೆ ಹೋಗುತ್ತಾನೆ, ಎದುರಿನವನು ನಿಯಮದಂತೆ ಸರಿಯುತ್ತಿರುವುದೂ ಅದೇ ಕಡೆಗೆ. ಹಕ್ಕು ಇದ್ದವನ ಗಾಬರಿಯೇ ಡಿಕ್ಕಿಗೆ ದಾರಿಯಾಗುತ್ತದೆ. ಅದಕ್ಕಾಗಿ ನೆಲದ ಮೇಲೇ, ಹಾರ್ನೆಸ್ (ಪೈಲಟ್ ಕೂರುವ, ಪಟ್ಟಿಗಳಿರುವ ಆಸನ) ಕಟ್ಟಿಕೊಂಡು ನಿಂತು, ‘ಗುಡ್ಡ ಎಡಕ್ಕೆ: ನಾನು ಬಲಕ್ಕೆ. ಗುಡ್ಡ ಬಲಕ್ಕೆ: ನಾನು ನೇರ’ ಎಂದು ಬಾಯಿಬಿಟ್ಟು ಹೇಳುತ್ತಾ ಕೈ ಆಡಿಸಿ ರೂಢಿ ಮಾಡಿಕೊಳ್ಳಬೇಕು.

ಸರಿಯುವವರು ಬೇಗ ಸರಿಯಿರಿ, ಎದುರಿನವರಿಗೆ ಕಾಣುವಂತೆ ಸರಿಯಿರಿ. ಪೂರ್ತಿ ಹಿಂದಿರುಗಬೇಕಿಲ್ಲ. ರೆಕ್ಕೆ ಸ್ಪಷ್ಟವಾಗಿ ವಾಲಿಸಿ ಬಯಲಿನ ಕಡೆ ಸರಿದು, ಅವರು ದಾಟಿದ ಮೇಲೆ ಗೆರೆಗೆ ಮರಳಿದರೆ ಸಾಕು. ವಾಲಿದ ರೆಕ್ಕೆ ‘ನಿಮ್ಮನ್ನು ನೋಡಿದ್ದೇನೆ’ ಎಂದು ಹೇಳುವ ಸನ್ನೆಯೂ ಹೌದು. ಮೆಲ್ಲಗೆ, ರೆಕ್ಕೆ ಸಮವಾಗಿಟ್ಟುಕೊಂಡು ಜಾರಿದರೆ ಎದುರಿನವರಿಗೆ ಏನೂ ತಿಳಿಯುವುದಿಲ್ಲ, ಅವರೂ ಗೊಂದಲದಲ್ಲಿ ಸರಿಯತೊಡಗುತ್ತಾರೆ.

ಹಕ್ಕು ಇರುವವರಿಗೆ ಒಂದು ಮಾತು. ನಿಯಮ ಯಾರು ಸರಿಯಬೇಕೆಂದು ಹೇಳುತ್ತದೆಯೇ ಹೊರತು, ಅವರು ನಿಮ್ಮನ್ನು ಕಂಡಿದ್ದಾರೆಂದು ಹೇಳುವುದಿಲ್ಲ. ಎದುರಿನವರು ಕಂಡಿಲ್ಲವೆಂದೇ ಎಣಿಸಿ ಹಾರಿ. ಗುಡ್ಡಕ್ಕೆ ತೀರ ಅಂಟಿಕೊಂಡು ಹೋಗದೆ ಒಳಗಡೆ ಒಂದಿಷ್ಟು ಜಾಗ ಉಳಿಸಿಕೊಂಡಿದ್ದರೆ, ಅವರು ಸರಿಯದಿದ್ದಾಗ ಬಲಕ್ಕೆ ತುಸು ಒಳಸರಿಯುವ ಅವಕಾಶ ನಿಮಗಿರುತ್ತದೆ. ಆ ಜಾಗ ಇರದವರಿಗೆ ಮೇಲೆ ಅಥವಾ ಕೆಳಗೆ ಹೋಗುವುದೊಂದೇ ಉಳಿಯುತ್ತದೆ. ಅದಕ್ಕೆ ಕೈಯಲ್ಲಿ ಹೆಚ್ಚುವರಿ ವೇಗ ಇರಲೇಬೇಕು. ಸ್ಟಾಲ್ ಅಂಚಿನಲ್ಲಿ, ಅಂದರೆ ಇನ್ನು ತುಸು ನಿಧಾನವಾದರೂ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವಷ್ಟು ಕಡಿಮೆ ವೇಗದಲ್ಲಿ, ತೇಲುತ್ತಿರುವವನಿಗೆ ಯಾವ ದಾರಿಯೂ ಇಲ್ಲ. ನೆತ್ತಿಗಿಂತ ಸಾಕಷ್ಟು ಮೇಲೆ ಇದ್ದರೆ ಗುಡ್ಡ ಅಡ್ಡಿಯಲ್ಲ, ಇಬ್ಬರೂ ಬಲಕ್ಕೆ ಸರಿಯಬೇಕು.

ಪ್ರಶ್ನೆ: ನನ್ನ ದೃಷ್ಟಿ ಬಹಳ ಚೂಪು. ಎದುರಿನದು ಕಿಲೋಮೀಟರ್ ದೂರದಿಂದಲೇ ಕಾಣದೇ?
*ಟ್ರ್ಯಾಕ್ಟರ್ ಮಾಲೀಕರು, ಜಮಖಂಡಿ*

ಕಬ್ಬಿನ ಹಂಗಾಮಿನಲ್ಲಿ ನೀವು ಕಂಡಿರಬಹುದಾದ ಸಂಗತಿಯಿಂದಲೇ ಹೇಳುತ್ತೇವೆ. ನೀವು ಕಾರಿನಲ್ಲಿ ಹೋಗುತ್ತಿದ್ದೀರಿ, ಅಡ್ಡರಸ್ತೆಯಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ಬರುತ್ತಿದೆ. ಇಬ್ಬರೂ ಕೂಡುರಸ್ತೆಗೆ ಒಂದೇ ಹೊತ್ತಿಗೆ ತಲುಪುವಂತಿದ್ದರೆ ಆ ಟ್ರ್ಯಾಕ್ಟರ್ ನಿಮ್ಮ ಗಾಜಿನ ಮೇಲೆ ಅತ್ತಿತ್ತ ಅಲುಗುವುದೇ ಇಲ್ಲ. ಗಾಜಿನ ಪಕ್ಕದ ಕಂಬದ ಹಿಂದೆ ಮರೆಯಾಗಿದ್ದರೆ ಕೊನೆಯವರೆಗೂ ಮರೆಯಲ್ಲೇ ಇರುತ್ತದೆ. ಗಾಳಿಯಲ್ಲಿಯೂ ಹಾಗೆಯೇ. ನಮ್ಮ ಕಣ್ಣು ಚಲಿಸುವುದನ್ನು ಬೇಗ ಹಿಡಿಯುತ್ತದೆ, ಅಲುಗದ್ದನ್ನು ಬಿಟ್ಟುಬಿಡುತ್ತದೆ. ಕ್ಯಾನೊಪಿಯ (ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳದ) ಮೇಲೆ ಓಡುವ ಚುಕ್ಕಿ ನಿಮಗೆ ಬಡಿಯುವುದಿಲ್ಲ. ನಿಂತಲ್ಲೇ ನಿಂತು ದೊಡ್ಡದಾಗುವ ಚುಕ್ಕಿ ಬಡಿಯುತ್ತದೆ. ಅದಕ್ಕೇ ತಲೆಯನ್ನು ಮುಂದೆ ಹಿಂದೆ, ಅಕ್ಕಪಕ್ಕ ಆಡಿಸಿ ಮರೆಯ ಹಿಂದೆ ಇಣುಕಬೇಕು.

ಗಾತ್ರವೂ ಮೋಸ ಮಾಡುತ್ತದೆ. ಗ್ಲೈಡರ್‌ನ ರೆಕ್ಕೆ 15 ಮೀಟರ್ ಉದ್ದವಿದ್ದರೂ ಎದುರಿನಿಂದ ಕಾಣುವ ದಪ್ಪ ಸುಮಾರು 10-12 ಸೆಂ.ಮೀ. ಒಳ್ಳೆಯ ಕಣ್ಣು ಒಂದು ಕಿಲೋಮೀಟರ್ ದೂರದಲ್ಲಿ ಬೇರ್ಪಡಿಸಿ ಕಾಣಬಲ್ಲದ್ದು ಸುಮಾರು 30 ಸೆಂ.ಮೀ. ಅಂದರೆ ರೆಕ್ಕೆ ಅಷ್ಟು ದೂರದಿಂದ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಅರವತ್ತು-ಎಪ್ಪತ್ತು ಸೆಂ.ಮೀ. ಅಗಲದ ಮೈ ಒಂದು ಬಿಳಿ ಚುಕ್ಕಿ ಮಾತ್ರ. ಬೇಸಿಗೆಯ ಮಬ್ಬು ಬಾನಿನಲ್ಲಿ ಅದೂ ಕರಗುತ್ತದೆ. ದೂರ ಅರ್ಧವಾದಾಗ ಗಾತ್ರ ಇಮ್ಮಡಿಯಾಗುತ್ತದೆ. ಹೀಗಾಗಿ ಚುಕ್ಕಿ ಬಹಳ ಹೊತ್ತು ಚುಕ್ಕಿಯಾಗಿಯೇ ಇದ್ದು, ಕೊನೆಯ ಎರಡು ಮೂರು ಸೆಕೆಂಡಿನಲ್ಲಿ ಧುತ್ತೆಂದು ಹಿಗ್ಗುತ್ತದೆ.

ಅಮೆರಿಕದ ವಿಮಾನಯಾನ ಆಡಳಿತ ಕೊಡುವ ಲೆಕ್ಕವೊಂದಿದೆ. ವಸ್ತು ಕಣ್ಣಿಗೆ ಬೀಳಲು 0.1 ಸೆಕೆಂಡು, ಅದು ವಿಮಾನವೆಂದು ಗುರುತಿಸಲು 1, ಡಿಕ್ಕಿಯ ದಾರಿಯಲ್ಲಿದೆ ಎಂದು ಅರಿಯಲು 5, ಎಡವೋ ಬಲವೋ ತೀರ್ಮಾನಿಸಲು 4, ಕೈಕಾಲು ಆಡಿಸಲು 0.4, ವಿಮಾನ ತಿರುಗಲು 2. ಒಟ್ಟು 12.5 ಸೆಕೆಂಡು. ಎರಡು ಗ್ಲೈಡರ್‌ಗಳು ಗಂಟೆಗೆ 190 ಕಿ.ಮೀ. ವೇಗದಲ್ಲಿ ಹತ್ತಿರವಾಗುತ್ತಿದ್ದರೆ ಅಷ್ಟರಲ್ಲಿ 660 ಮೀಟರ್ ಮುಗಿದಿರುತ್ತದೆ. ಪ್ಯಾರಾಗ್ಲೈಡರ್‌ಗಳಲ್ಲಿ, 25 ಕಿ.ಮೀ. ಗಾಳಿಯಲ್ಲಿ, ಸುಮಾರು 200 ಮೀಟರ್. ಈ ಪಟ್ಟಿಯಲ್ಲಿ ನಾವು ಕಡಿಮೆ ಮಾಡಬಲ್ಲದ್ದು ಆ ನಾಲ್ಕು ಸೆಕೆಂಡು. ಯಾವ ಕಡೆ ಸರಿಯಬೇಕೆಂಬುದು ಮೊದಲೇ ಮೈಗೂಡಿದ್ದರೆ ಅದು ಒಂದು ಸೆಕೆಂಡಿಗಿಂತ ಕೆಳಗೆ ಇಳಿಯುತ್ತದೆ.

ನೋಡುವ ಕ್ರಮ ಹೀಗೆ. ಕಣ್ಣನ್ನು ಬಾನಿನುದ್ದಕ್ಕೂ ಒಮ್ಮೆಲೇ ಗುಡಿಸಬೇಡಿ. ಓಡುವ ಕಣ್ಣಿಗೆ ಏನೂ ಕಾಣುವುದಿಲ್ಲ. ಹತ್ತು ಡಿಗ್ರಿಯಷ್ಟು ಜರುಗಿಸಿ, ಕನಿಷ್ಠ ಒಂದು ಸೆಕೆಂಡು ನಿಲ್ಲಿಸಿ, ಮತ್ತೆ ಹತ್ತು ಡಿಗ್ರಿ. ಖಾಲಿ ಬಾನು ನೋಡುತ್ತಿದ್ದರೆ ಕಣ್ಣಿನ ಫೋಕಸ್ ತಾನಾಗಿ ಒಂದೆರಡು ಮೀಟರ್ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಆಗಾಗ ದೂರದ ಮರ, ಹಳ್ಳಿ, ಮೋಡದಂಚಿನ ಮೇಲೆ ದೃಷ್ಟಿಯಿಟ್ಟು ಅದನ್ನು ಮತ್ತೆ ದೂರಕ್ಕೆ ಒಯ್ಯಬೇಕು.

ಇನ್ನು ಹೊಸಬರು ತಪ್ಪುವ ಒಂದು ಜಾಗ. ಅಡ್ಡಗಾಳಿ ನಿಮ್ಮನ್ನು ಗುಡ್ಡಕ್ಕೆ ತಳ್ಳದಂತೆ ಮೂಗನ್ನು ಬಯಲಿನ ಕಡೆ ತಿರುಗಿಸಿಕೊಂಡೇ ಹಾರಬೇಕಾಗುತ್ತದೆ. ಗಂಟೆಗೆ 38 ಕಿ.ಮೀ. ಹಾರುವ ಪ್ಯಾರಾಗ್ಲೈಡರ್‌ಗೆ 25 ಕಿ.ಮೀ. ಅಡ್ಡಗಾಳಿ ಇದ್ದರೆ ಈ ಓರೆ ಸುಮಾರು 41 ಡಿಗ್ರಿ, 100 ಕಿ.ಮೀ. ಹಾರುವ ಗ್ಲೈಡರ್‌ಗೆ 30 ಕಿ.ಮೀ. ಗಾಳಿಯಲ್ಲಿ 17 ಡಿಗ್ರಿ. ಎದುರಿನವರು ಬರುವುದು ಮೂಗಿನ ನೇರದಿಂದಲ್ಲ, ಅಷ್ಟೇ ಓರೆಯಲ್ಲಿ ಗುಡ್ಡದ ಕಡೆಯಿಂದ. ಮೂಗಿನ ಮುಂದೆ ಮಾತ್ರ ನೋಡುವವನು ತಾನು ಹೋಗುತ್ತಿರುವ ದಾರಿಯನ್ನೇ ನೋಡುತ್ತಿಲ್ಲ.

ಬಿಸಿಲು ಬಯಲಿನ ಕಡೆಯಿಂದ ಬೀಳುತ್ತಿದ್ದರೆ ಇಳಿಜಾರಿನ ಮೇಲೆ ಗ್ಲೈಡರ್‌ಗಳ ನೆರಳು ಓಡುತ್ತಿರುತ್ತದೆ. ನಿಮ್ಮ ನೆರಳಿನತ್ತ ಇನ್ನೊಂದು ನೆರಳು ಬರುತ್ತಿದ್ದರೆ, ಗ್ಲೈಡರ್ ಕಾಣದಿದ್ದರೂ ಅದು ಇದೆ.

ಪ್ರಶ್ನೆ: ಗ್ಲೈಡರ್‌ಗಳೆಲ್ಲ ಬಿಳಿ ಏಕೆ? ಕಡುಗೆಂಪು ಬಳಿದರೆ ಕಾಣುತ್ತದಲ್ಲ?
*ಬಣ್ಣದ ಅಂಗಡಿಯವರು, ವಿಜಯಪುರ*

ಹೆಚ್ಚಿನ ಗ್ಲೈಡರ್‌ಗಳು ಗಾಜಿನ ನಾರು ಅಥವಾ ಕಾರ್ಬನ್ ನಾರಿಗೆ ರಾಳ ತುಂಬಿ ಮಾಡಿದವು. ಕಾದರೆ ರಾಳ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. ಮೇ ತಿಂಗಳ ವಿಜಯಪುರದ ಬಿಸಿಲಿನಲ್ಲಿ ಕಡುಬಣ್ಣದ ಮೇಲ್ಮೈ ಮುಟ್ಟಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಅದಕ್ಕೆ ಬಿಳಿ. ಮೂಗು, ರೆಕ್ಕೆಯ ತುದಿ, ರಡ್ಡರ್ (ಬಾಲದ ಚುಕ್ಕಾಣಿ) ಇಂಥ ಕಡೆ ಮಾತ್ರ, ತಯಾರಕರ ಕೈಪಿಡಿ ಒಪ್ಪಿದಷ್ಟು, ಕೆಂಪು-ಕಿತ್ತಳೆ ಪಟ್ಟಿ ಹಾಕುತ್ತಾರೆ. ಪ್ಯಾರಾಗ್ಲೈಡರ್ ಬಟ್ಟೆಗೆ ಈ ಕಟ್ಟುಪಾಡಿಲ್ಲ. ಕೊಳ್ಳುವಾಗ ಗುಡ್ಡದ ಹಸಿರು-ಕಂದಿನಲ್ಲಿ ಬೆರೆಯದ ಬಣ್ಣ ಆರಿಸಿ.

ಪ್ರಶ್ನೆ: ಮುಂದಿನವರು ನಿಧಾನವಾಗಿ ಹೋಗುತ್ತಿದ್ದರೆ ಯಾವ ಕಡೆಯಿಂದ ದಾಟಬೇಕು?
*ಗೋಕಾಕ ಮಿಲ್ ಪ್ರದೇಶದ ಓದುಗರು*

ದಾಟಬೇಡಿ. ಹಿಂದಿರುಗಿ.

ಸಾಮಾನ್ಯ ವಿಮಾನ ನಿಯಮ ಬಲಗಡೆಯಿಂದ ದಾಟಿ ಎನ್ನುತ್ತದೆ. ಯುರೋಪಿನ ನಿಯಮದಲ್ಲಿ ಒಂದು ಗ್ಲೈಡರ್ ಇನ್ನೊಂದನ್ನು ಎಡದಿಂದಲೂ ಬಲದಿಂದಲೂ ದಾಟಬಹುದು. ಆಯಾ ಗುಡ್ಡದ ಸ್ಥಳೀಯ ಪದ್ಧತಿ ಇನ್ನೂ ಬೇರೆ ಇರಬಹುದು, ಬೆಳಗಿನ ಬ್ರೀಫಿಂಗ್‌ನಲ್ಲಿ ಕೇಳಿಕೊಳ್ಳಿ. ಬಯಲಿನ ಕಡೆಯಿಂದ ದಾಟಿದರೆ ಮುಂದಿನವರು ಯಾವ ಗಳಿಗೆಯಲ್ಲಾದರೂ ನಿಮ್ಮ ಮೇಲೇ ತಿರುಗಬಹುದು, ಏಕೆಂದರೆ ಗುಡ್ಡದಲ್ಲಿ ತಿರುವು ಯಾವಾಗಲೂ ಬಯಲಿನ ಕಡೆಗೇ. ಗುಡ್ಡದ ಕಡೆಯಿಂದ ದಾಟಿದರೆ ಬಂಡೆಗೂ ಅವರಿಗೂ ನಡುವೆ ಸಿಕ್ಕಿಬೀಳುತ್ತೀರಿ. ಮುಂದಿರುವವರಿಗೆ ಹಿಂದಿನದು ಕಾಣುವುದಿಲ್ಲ ಎಂಬುದೊಂದೇ ಸಾಕು, ಹೊಣೆ ಪೂರ್ತಿ ಹಿಂದಿನವರದು. ಮೇಲಿಂದ ಹಾರಿಸಿಕೊಂಡು ಹೋಗುವುದು, ಕೆಳಗಿನಿಂದ ನುಸುಳಿ ಮುಂದೆ ಮೇಲೇರುವುದು, ಇವೆರಡೂ ಅತಿ ಕೆಟ್ಟವು: ಮೇಲಿನವರಿಗೆ ತಮ್ಮ ಮೂಗು-ರೆಕ್ಕೆಯ ಕೆಳಗಿನದು ಕಾಣದು, ಪ್ಯಾರಾಗ್ಲೈಡರ್‌ನಲ್ಲಿ ಕೆಳಗಿರುವವರಿಗೆ ತಮ್ಮದೇ ಬಟ್ಟೆ ಅಡ್ಡ.

ಪ್ರಶ್ನೆ: ಗುಡ್ಡದ ತುದಿಯಲ್ಲಿ ತಿರುಗುವ ಕ್ರಮ ವಿವರವಾಗಿ ತಿಳಿಸಿ. ನಡುವೆ ಥರ್ಮಲ್ ಸಿಕ್ಕರೆ ಸುತ್ತಬಹುದೇ?
*ಕಾಮಶೇಟ್‌ನಲ್ಲಿ ಕಲಿಯುತ್ತಿರುವವರು, ಮುಧೋಳ*

ತುದಿಗೆ ಬರುವ ಹತ್ತು ಸೆಕೆಂಡು ಮೊದಲೇ ಹಿಂದೆ ಯಾರಿದ್ದಾರೆಂದು ಲೆಕ್ಕ ಹಾಕಿಕೊಂಡಿರಬೇಕು. ಬಯಲಿನ ಕಡೆಗೆ ತಲೆ ಹೊರಳಿಸಿ, ಭುಜದ ಹಿಂದಿನವರೆಗೂ ನೋಡಿ. ಮೇಲೆ, ಕೆಳಗೆ. ಆಮೇಲೆ ವಾಲಿಸಿ. ಅರ್ಧ ತಿರುವಿನಲ್ಲಿ ಮತ್ತೊಮ್ಮೆ, ನೀವು ಈಗ ಸೇರಲಿರುವ ಗೆರೆಯ ಕಡೆ ನೋಡಿ. ನೋಡುತ್ತಾ ತಿರುಗುವುದು ಬೇರೆ, ನೋಡಿ ತಿರುಗುವುದು ಬೇರೆ, ಎರಡನೆಯದನ್ನು ರೂಢಿಸಿಕೊಳ್ಳಿ. ನಮ್ಮ ಅಭಿಪ್ರಾಯದಲ್ಲಿ ಗುಡ್ಡದ ಹಾರಾಟದಲ್ಲಿ ಎಲ್ಲಕ್ಕಿಂತ ಅಪಾಯದ್ದು ಯಾರೂ ನಿರೀಕ್ಷಿಸದ ಕಡೆ, ನೋಡದೆ ತೆಗೆದುಕೊಂಡ ತಿರುವು. ಗಾಳಿ ಚೆನ್ನಾಗಿ ಎತ್ತಿತೆಂದು ನಡುದಾರಿಯಲ್ಲೇ ಗಕ್ಕನೆ ತಿರುಗುವವನು ಹಿಂದಿನವನಿಗೆ ಸಮಯವನ್ನೇ ಕೊಡುವುದಿಲ್ಲ.

ಜಾಗದ ಅಳತೆ ಗೊತ್ತಿರಲಿ. ಗಂಟೆಗೆ 100 ಕಿ.ಮೀ. ಹಾರುವ ಗ್ಲೈಡರ್ 45 ಡಿಗ್ರಿ ವಾಲಿ ಹಿಂದಿರುಗಲು ಸುಮಾರು 160 ಮೀಟರ್ ಅಗಲ, ಒಂಬತ್ತು ಸೆಕೆಂಡು ಬೇಕು. 30 ಡಿಗ್ರಿ ಮಾತ್ರ ವಾಲಿದರೆ 270 ಮೀಟರ್. ಪ್ಯಾರಾಗ್ಲೈಡರ್‌ಗೆ 30 ಡಿಗ್ರಿಯಲ್ಲಿ ನಲವತ್ತು ಮೀಟರ್‌ಗೂ ಕಡಿಮೆ. ಇಬ್ಬರೂ ಒಂದೇ ಗುಡ್ಡದಲ್ಲಿದ್ದರೆ ಒಬ್ಬರ ಅಂದಾಜು ಇನ್ನೊಬ್ಬರಿಗೆ ಸಿಗುವುದಿಲ್ಲ. ಸಮಯ ಹಂಚಿಕೊಂಡು ಹಾರುವುದೇ ಒಳ್ಳೆಯದು. ಪಶ್ಚಿಮಕ್ಕೆ ಮುಖ ಮಾಡಿದ ಗುಡ್ಡದಲ್ಲಿ ಸಂಜೆ ಹೊರತಿರುವಿನ ನಡುವೆ ಸೂರ್ಯ ನೇರ ಕಣ್ಣಿಗೆ ಬೀಳುತ್ತಾನೆ, ಒಂದೆರಡು ಸೆಕೆಂಡು ಏನೂ ಕಾಣದು. ಟೊಪ್ಪಿಗೆಯ ಅಂಚು, ಒಳ್ಳೆಯ ಕಪ್ಪು ಕನ್ನಡಕ ಇರಲಿ, ತಿರುಗುವ ಮುನ್ನವೇ ಆ ಭಾಗವನ್ನು ನೋಡಿ ಮುಗಿಸಿರಿ.

ಇನ್ನು ಥರ್ಮಲ್, ಅಂದರೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ವಿಷಯ. ನೆತ್ತಿಯ ಮಟ್ಟದಲ್ಲಿ ಅಥವಾ ಕೆಳಗೆ ಪೂರ್ಣ ಸುತ್ತು ಹಾಕಲೇಬೇಡಿ. ಸುತ್ತಿನ ಅರ್ಧ ಭಾಗದಲ್ಲಿ ಗಾಳಿ ಬೆನ್ನಿಗೆ ಬರುತ್ತದೆ: 38 ಕಿ.ಮೀ. ವೇಗದ ಪ್ಯಾರಾಗ್ಲೈಡರ್ 25 ಕಿ.ಮೀ. ಗಾಳಿಯ ಜೊತೆ 63 ಕಿ.ಮೀ. ವೇಗದಲ್ಲಿ ಗುಡ್ಡದತ್ತ ಹೋಗುತ್ತದೆ. ಮೇಲಾಗಿ, ಬಯಲಿನ ಕಡೆಗೇ ತಿರುಗುತ್ತೀರೆಂದು ನಂಬಿದವರ ದಾರಿಗೆ ಅಡ್ಡ ಬರುತ್ತೀರಿ. ಎಂಟರ ಆಕಾರದಲ್ಲಿ, ಪ್ರತಿ ತಿರುವನ್ನೂ ಹೊರಕ್ಕೇ ತೆಗೆದುಕೊಂಡು ಎತ್ತರ ಗಳಿಸಿ. ನೆತ್ತಿಗಿಂತ ಚೆನ್ನಾಗಿ ಮೇಲೆ ಬಂದ ಮೇಲೆ ಸುತ್ತಿ. ಥರ್ಮಲ್‌ನಲ್ಲಿ ಮೊದಲು ಸೇರಿದವರು ಯಾವ ಕಡೆ ಸುತ್ತುತ್ತಾರೋ ಎಲ್ಲರೂ ಆ ಕಡೆಯೇ. ಸೇರುವವರು ಹೊರಗಿನಿಂದ ವೃತ್ತದ ಅಂಚನ್ನು ಸವರಿಕೊಂಡು ಬಂದು, ಈಗಾಗಲೇ ಇರುವವರ ಎದುರುಬದಿಯಲ್ಲಿ ನಿಲ್ಲಬೇಕು. ವೃತ್ತವನ್ನು ಸೀಳಿಕೊಂಡು ಬರಬಾರದು. ಜೊತೆಗಿದ್ದವರು ಕಣ್ಣಿನಿಂದ ಮರೆಯಾದರೆ ಥರ್ಮಲ್ ಬಿಟ್ಟು ಹೊರಗೆ ಬನ್ನಿ, ಎಷ್ಟೇ ಚೆನ್ನಾಗಿ ಎತ್ತುತ್ತಿರಲಿ.

ಪ್ರಶ್ನೆ: ಫ್ಲಾರ್ಮ್ ಎಂಬ ಯಂತ್ರ ಇದ್ದರೆ ಇಷ್ಟೆಲ್ಲ ನೋಡುವ ಕಷ್ಟ ತಪ್ಪುವುದೇ?
*ಎಲೆಕ್ಟ್ರಾನಿಕ್ಸ್ ಉಪನ್ಯಾಸಕರು, ವಿಜಯಪುರ*

ತಪ್ಪುವುದಿಲ್ಲ, ಆದರೆ ತುಂಬಾ ನೆರವಾಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 2004ರಲ್ಲಿ ಬಳಕೆಗೆ ಬಂದ ಸಾಧನವಿದು. ಜಿಪಿಎಸ್ ಮತ್ತು ಗಾಳಿಯ ಒತ್ತಡದಿಂದ ತನ್ನ ಜಾಗ, ಎತ್ತರ ಅರಿತು, ಮುಂದಿನ ಕೆಲವು ಸೆಕೆಂಡುಗಳಲ್ಲಿ ತಾನು ಸಾಗಬಹುದಾದ ದಾರಿಯನ್ನು ಅಂದಾಜಿಸಿ ರೇಡಿಯೊದಲ್ಲಿ ಸಾರುತ್ತದೆ. ಇತರರದನ್ನು ಕೇಳಿ ಹೋಲಿಸಿ, ಡಿಕ್ಕಿಗೆ ಇಪ್ಪತ್ತು ಸೆಕೆಂಡಿಗೂ ಕಡಿಮೆ ಉಳಿದಾಗ ಎಚ್ಚರಿಸುತ್ತದೆ. ಸುಮ್ಮನೆ ಹತ್ತಿರವಿರುವವರಿಗೆಲ್ಲ ಕೂಗದೆ, ಗ್ಲೈಡರ್‌ಗಳು ಸುತ್ತುವ ರೀತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅದರ ಹೆಚ್ಚುಗಾರಿಕೆ.

ಮಿತಿಗಳು ಹೀಗಿವೆ. ಎದುರಿನವರಲ್ಲಿ ಅದು ಇಲ್ಲದಿದ್ದರೆ ಅವರು ಅದಕ್ಕೆ ಕಾಣುವುದೇ ಇಲ್ಲ. ಕಾರ್ಬನ್ ನಾರಿನ ಮೈ ರೇಡಿಯೊ ಅಲೆ ತಡೆಯುವುದರಿಂದ ಆಂಟೆನಾ ಕೂರಿಸಿದ ಜಾಗ ಸರಿಯಿಲ್ಲದಿದ್ದರೆ ಒಂದು ಬದಿ ಪೂರ್ತಿ ಕುರುಡು. ಗುಡ್ಡದ ಮೂಲೆಯಾಚೆಯಿಂದ ಬರುವವರ ಅಲೆಯನ್ನು ಬಂಡೆ ತಡೆಯುತ್ತದೆ. ಅನೇಕ ಪ್ಯಾರಾಗ್ಲೈಡಿಂಗ್ ವೇರಿಯೋಮೀಟರ್‌ಗಳು (ಏರುವ-ಇಳಿಯುವ ವೇಗ ತೋರುವ ಉಪಕರಣಗಳು) ತಮ್ಮ ಜಾಗವನ್ನು ಸಾರುತ್ತವೆ ಅಷ್ಟೇ. ಗ್ಲೈಡರ್‌ನವರು ನಿಮ್ಮನ್ನು ಕಾಣುತ್ತಾರೆ, ನಿಮಗೆ ಎಚ್ಚರಿಕೆ ಬರುವುದಿಲ್ಲ. ಕೊಳ್ಳುವ ಮುನ್ನ ಇದನ್ನು ಕೇಳಿ ತಿಳಿಯಿರಿ. ಗಂಟೆ ಬಾರಿಸಿದಾಗ ಪರದೆಯನ್ನು ದಿಟ್ಟಿಸಬೇಡಿ, ಅದು ತೋರಿದ ದಿಕ್ಕಿನ ಆಕಾಶವನ್ನು ನೋಡಿ.

ಪ್ರಶ್ನೆ: ಬಾದಾಮಿ ಬಂಡೆಗಳ ಮುಂದೆ ಡ್ರೋನ್ ಹಾರಿಸಿ ವಿಡಿಯೊ ಮಾಡುತ್ತೇವೆ. ಪ್ಯಾರಾಗ್ಲೈಡರ್ ಬಂದರೆ?
*ಛಾಯಾಗ್ರಾಹಕರು, ಬಾದಾಮಿ*

ಕೂಡಲೇ ಇಳಿಸಿ. 2021ರ ಡ್ರೋನ್ ನಿಯಮಗಳ ಪ್ರಕಾರ ಮನುಷ್ಯರಿರುವ ವಿಮಾನಕ್ಕೆ ದಾರಿ ಬಿಟ್ಟು ದೂರ ಇರುವುದು ಡ್ರೋನ್ ಹಾರಿಸುವವರ ಹೊಣೆ. ಹಸಿರು ವಲಯದಲ್ಲಿ 400 ಅಡಿವರೆಗೆ ಅವಕಾಶವಿದೆ ಎಂದು ನೆಮ್ಮದಿಯಾಗಿರಬೇಡಿ: ಗುಡ್ಡದ ಹಾರಾಟ ನಡೆಯುವುದು ಇಳಿಜಾರಿನ ನೆಲದಿಂದ ಅಷ್ಟರೊಳಗೇ. ತೆಳುವಾದ ದಾರಗಳಿಗೆ ಡ್ರೋನ್‌ನ ಪ್ರೊಪೆಲ್ಲರ್ ಸಿಕ್ಕಿದರೆ ರೆಕ್ಕೆ ಕುಸಿಯಬಹುದು. ಬಾದಾಮಿಯಲ್ಲಿ ಸಂರಕ್ಷಿತ ಸ್ಮಾರಕಗಳ ಬಳಿ ಪುರಾತತ್ವ ಇಲಾಖೆಯ ಅನುಮತಿಯೂ ಬೇಕು.

ಪ್ರಶ್ನೆ: ನಮ್ಮ ಭಾಗದ ಗುಡ್ಡಗಳಲ್ಲಿ ಇದು ಸಾಧ್ಯವೇ? ಯಳ್ಳೂರಿನ ರಾಜಹಂಸಗಡದಲ್ಲಿ ಗಾಳಿ ಚೆನ್ನಾಗಿದೆ.
*ಬೆಳಗಾವಿ ಮತ್ತು ಲೋಕಾಪುರದ ಇಬ್ಬರು ಓದುಗರು*

ಗಾಳಿ ಇದ್ದರಷ್ಟೇ ಸಾಲದು, ಗುಡ್ಡಕ್ಕೆ ಅದು ಅಡ್ಡವಾಗಿ ಬರಬೇಕು. ಕಲಾದಗಿ, ಲೋಕಾಪುರ ಕಡೆಯ ಸಾಲುಗುಡ್ಡಗಳು ಬಹುಮಟ್ಟಿಗೆ ಪೂರ್ವ-ಪಶ್ಚಿಮವಾಗಿ ಮಲಗಿವೆ. ಮುಂಗಾರಿನ ಪಡುವಣ ಗಾಳಿ ಅವುಗಳ ಉದ್ದಕ್ಕೂ ಹರಿದುಹೋಗುತ್ತದೆ, ಮೇಲೇರುವುದು ಕಡಿಮೆ. ರಾಜಹಂಸಗಡದಂಥ ಒಂಟಿ ಗುಡ್ಡವನ್ನು ಗಾಳಿ ಹತ್ತುವುದಕ್ಕಿಂತ ಅಕ್ಕಪಕ್ಕ ಸುತ್ತಿಕೊಂಡು ಹೋಗುತ್ತದೆ. ಎತ್ತುವ ಪಟ್ಟಿ ಸಿಕ್ಕರೂ ಅದರ ಉದ್ದ ಚಿಕ್ಕದು. ಪಟ್ಟಿ ಚಿಕ್ಕದಾದಷ್ಟೂ ತಿರುವುಗಳು ಹೆಚ್ಚು, ಎದುರಾಗುವುದು ಹೆಚ್ಚು. ಮೊದಲ ಉತ್ತರದ ಲೆಕ್ಕವನ್ನು 300 ಮೀಟರ್‌ಗೆ ಹಾಕಿ ನೋಡಿ. ಬೆಳಗಾವಿ ಸುತ್ತಮುತ್ತ ಸಾಂಬ್ರಾ ವಿಮಾನ ನಿಲ್ದಾಣ ಮತ್ತು ವಾಯುಪಡೆ ನೆಲೆಯ ವಾಯುಪ್ರದೇಶವೂ ಇದೆ, ಅನುಮತಿಯಿಲ್ಲದೆ ಯಾವ ಪ್ರಯತ್ನವೂ ಬೇಡ. ಫೆಬ್ರುವರಿ, ಮಾರ್ಚ್‌ನಲ್ಲಿ ಜೋಳ ಕೊಯ್ದ ಎರೆಹೊಲಗಳಿಂದ ಏಳುವ ಥರ್ಮಲ್‌ಗಳು ಗುಡ್ಡದ ಗಾಳಿಯನ್ನು ಗಳಿಗೆಗೊಮ್ಮೆ ಬದಲಿಸುತ್ತವೆ. ಕಲಿಯುವವರಿಗೆ ಅದು ತಕ್ಕ ಸಮಯವಲ್ಲ.

ಪ್ರಶ್ನೆ: ಡಿಕ್ಕಿ ಆಗಿಯೇ ಹೋಯಿತು. ಆಮೇಲೆ?
*ಓದುಗರು, ಹುಕ್ಕೇರಿ*

ಗ್ಲೈಡರ್‌ನಲ್ಲಿ: ಇನ್ನೂ ಹತೋಟಿಯಲ್ಲಿದ್ದರೆ ಮೆಲ್ಲನೆಯ ತಿರುವುಗಳಲ್ಲಿ ಬಯಲಿಗೆ ಒಯ್ದು ಇಳಿಸಿ, ಏನು ಮುರಿದಿದೆಯೆಂದು ಪರೀಕ್ಷಿಸಲು ಹೋಗಬೇಡಿ. ಹತೋಟಿ ಹೋಗಿದ್ದರೆ ಕ್ಯಾನೊಪಿ ಕಳಚಿ, ಬೆಲ್ಟ್ ಬಿಚ್ಚಿ, ಹೊರಗೆ ಹಾರಿ, ಗ್ಲೈಡರ್‌ನಿಂದ ದೂರವಾದ ಕೂಡಲೇ ಪ್ಯಾರಾಚೂಟ್ ಹಿಡಿ ಎಳೆಯಿರಿ. ಈ ನಾಲ್ಕು ಹೆಜ್ಜೆಗಳನ್ನು ನೆಲದ ಮೇಲೆ ಕಣ್ಣು ಮುಚ್ಚಿ ಮಾಡುವಷ್ಟು ರೂಢಿ ಬೇಕು. ಗುಡ್ಡದ ಹಾರಾಟ ತಗ್ಗಿನಲ್ಲಿ ನಡೆಯುವುದರಿಂದ ನೂರಿನ್ನೂರು ಮೀಟರ್ ಎತ್ತರದಲ್ಲಿ ಇದೆಲ್ಲಕ್ಕೂ ಸಮಯ ಸಿಗುವುದು ಬಹಳ ಕಷ್ಟ.

ಪ್ಯಾರಾಗ್ಲೈಡರ್‌ನಲ್ಲಿ ದಾರಗಳು ಹೆಣೆದುಕೊಂಡರೆ ಬಿಡಿಸುತ್ತಾ ಕೂರಬೇಡಿ. ರಿಸರ್ವ್, ಅಂದರೆ ತುರ್ತು ಪ್ಯಾರಾಚೂಟ್‌ನ, ಹಿಡಿಯನ್ನು ನೋಡಿ, ಬಿಗಿಯಾಗಿ ಹಿಡಿದು, ಎಳೆದು ಹೊರತೆಗೆದು, ಬಟ್ಟೆ-ದಾರ ಇಲ್ಲದ ಖಾಲಿ ಕಡೆಗೆ ಬಲವಾಗಿ ಎಸೆದು, ಹಿಡಿ ಬಿಟ್ಟುಬಿಡಿ. ಹಿಡಿಯನ್ನು ಕೈಯಲ್ಲೇ ಇಟ್ಟುಕೊಂಡರೆ ರಿಸರ್ವ್ ಬಿಚ್ಚಿಕೊಳ್ಳುವುದಿಲ್ಲ. ಅದು ತೆರೆದ ಮೇಲೆ ಮುಖ್ಯ ರೆಕ್ಕೆಯ ಹಿಂದಿನ ಪಟ್ಟಿಗಳನ್ನೋ ಬ್ರೇಕ್ ದಾರವನ್ನೋ ಕೈಗೆ ಸುತ್ತಿಕೊಳ್ಳುತ್ತಾ ಬಟ್ಟೆಯನ್ನು ಒಳಗೆಳೆದುಕೊಳ್ಳಿ. ಇಲ್ಲವಾದರೆ ರೆಕ್ಕೆ ಒಂದು ಕಡೆಗೂ ರಿಸರ್ವ್ ಇನ್ನೊಂದು ಕಡೆಗೂ ಜಗ್ಗಿ ಇಳಿಯುವ ವೇಗ ಹೆಚ್ಚುತ್ತದೆ. ಕಾಲು ಜೋಡಿಸಿ, ಮೊಣಕಾಲು ತುಸು ಬಾಗಿಸಿ, ಉರುಳುತ್ತಾ ನೆಲ ಮುಟ್ಟಿ. ಯುರೋಪಿನ ಮಾನದಂಡದ ರಿಸರ್ವ್ ಸೆಕೆಂಡಿಗೆ 5.5 ಮೀಟರ್‌ಗಿಂತ ವೇಗವಾಗಿ ಇಳಿಯಬಾರದು. ಅದು ಒಂದೂವರೆ ಮೀಟರ್ ಎತ್ತರದ ಗೋಡೆಯಿಂದ ಜಿಗಿದಷ್ಟು ಪೆಟ್ಟು. ನಿಮ್ಮ ತೂಕಕ್ಕೆ ಚಿಕ್ಕದಾದ ರಿಸರ್ವ್ ಕೊಂಡಿದ್ದರೆ ಈ ಲೆಕ್ಕ ನಡೆಯದು.

ರಿಸರ್ವ್ ಅನ್ನು ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ, ತಿಳಿದವರಿಂದ ಬಿಚ್ಚಿಸಿ ಮತ್ತೆ ಮಡಿಸಿಕೊಳ್ಳಬೇಕು. ಮಳೆಗಾಲದಲ್ಲಿ ಒದ್ದೆಯಾಗಿದ್ದರೆ ಅವಧಿಗೆ ಕಾಯದೆ ಬಿಚ್ಚಿ ನೆರಳಿನಲ್ಲಿ ಒಣಗಿಸಿ. ಹೊಸ ಹಾರ್ನೆಸ್‌ಗೆ ಹಳೆಯ ರಿಸರ್ವ್ ಹಾಕಿದವರು ಒಮ್ಮೆ ನೆಲದ ಮೇಲೆ ಹಾರ್ನೆಸ್ ತೂಗುಹಾಕಿ, ಅದರಲ್ಲಿ ಕುಳಿತು ಎಳೆದು ನೋಡಲೇಬೇಕು. ಹಿಡಿಯ ಪಟ್ಟಿ ತೀರ ಉದ್ದವಾಗಿದ್ದರೆ ಕೈ ಪೂರ್ತಿ ಚಾಚಿದರೂ ಪೊಟ್ಟಣ ಹೊರಗೆ ಬರುವುದಿಲ್ಲ, ತೀರ ಗಿಡ್ಡವಾಗಿದ್ದರೆ ಪಿನ್ ಕಳಚುವ ಮೊದಲೇ ಪೊಟ್ಟಣವನ್ನು ಜಗ್ಗಿ ಸಿಕ್ಕಿಸಿಕೊಳ್ಳುತ್ತದೆ.